ದನಿಯ ಅರ್ಥ

‘ಟೋನ್’ ಎಂಬ ಆಂಗ್ಲ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಲದು. ಗಾಯಕರಿಗೆ ಅದು ಸ್ವರ, ಚಿತ್ರಕಾರರಿಗೆ ಬಣ್ಣದ ಛಾಯೆ, ವೈದ್ಯರಿಗೆ ಸ್ನಾಯುಗಳ ಬಿಗಿ, ಮನೆಯ ಹಿರಿಯರಿಗೆ ಮಾತಿನ ಧಾಟಿ. ಇದರ ಮೂಲ ‘ಟೋನೊಸ್’ ಎಂಬ ಗ್ರೀಕ್ ಪದ. ಎಳೆದು ಬಿಗಿಗೊಳಿಸುವುದೆಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ತಂತಿ ಬಿಗಿದಷ್ಟೂ ದನಿ ಏರುತ್ತದೆ. ಆ ಲೆಕ್ಕದಲ್ಲಿ ಮೂಲಾರ್ಥಕ್ಕೆ ಹತ್ತಿರವಿರುವವರು ವೈದ್ಯರೇ!

ಧರ್ಮಸಭೆಗೂ ಈ ಪದ ಹಳೆಯದು. ಗ್ರೆಗೊರಿಯನ್ ಗಾಯನದಲ್ಲಿ ಕೀರ್ತನೆಗಳನ್ನು ಹಾಡಲು ಎಂಟು ಮುಖ್ಯ ‘ಟೋನ್’ಗಳಿವೆ. ಸಾಲಿನ ಬಹುಭಾಗ ಒಂದೇ ಸ್ವರದ ಮೇಲೆ ಸಾಗಿ, ನಡುವೆಯೂ ಕೊನೆಯಲ್ಲೂ ತುಸು ಬಾಗುತ್ತದೆ. ಹಾಡುವವರ ಕಂಠ ಹಿಂದೆ ಸರಿದು ದೇವರ ವಾಕ್ಯ ಮುಂದೆ ಬರಲೆಂಬ ಸಂಯಮವಿದು. (ಧ್ವನಿವರ್ಧಕವನ್ನು ತುಟಿಗೆ ಅಂಟಿಸಿಕೊಂಡು ಹಾಡುವ ನಮ್ಮ ಕೆಲವು ಗಾನವೃಂದಗಳು ಇದನ್ನೊಮ್ಮೆ ಆಲಿಸಬೇಕು.)

ದನಿಯೇ ಪದದ ಅರ್ಥವನ್ನು ನಿರ್ಣಯಿಸುವ ಭಾಷೆಗಳೂ ಇವೆ. ವಿಯೆಟ್ನಾಮೀ ಭಾಷೆಯಲ್ಲಿ ‘ಮಾ’ ಎಂಬ ಒಂದೇ ಉಚ್ಚಾರ ಏರಿಳಿತಕ್ಕೆ ತಕ್ಕಂತೆ ತಾಯಿ, ದೆವ್ವ, ಸಮಾಧಿ, ಭತ್ತದ ಸಸಿ ಎಲ್ಲವೂ ಆಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಯೇಸುಸಭೆಯ ಗುರು ಅಲೆಕ್ಸಾಂಡ್ರ್ ದ ರೋಡ್ ಅವರಿಗೆ ಮೊದಮೊದಲು ಜನರ ಮಾತು ಹಕ್ಕಿಗಳ ಚಿಲಿಪಿಲಿಯಂತೆ ಕೇಳಿಸಿತಂತೆ. ಅವರು ಅಲ್ಲೇ ನಿಂತು ಕಿವಿಯನ್ನು ಪಳಗಿಸಿಕೊಂಡರು. ತಮಗಿಂತ ಮೊದಲಿನ ಪೋರ್ಚುಗೀಸ್ ಗುರುಗಳ ದುಡಿಮೆಯನ್ನೂ ಬಳಸಿಕೊಂಡು ಅವರು ರಚಿಸಿದ ನಿಘಂಟು 1651ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಆರು ದನಿಗಳನ್ನೂ ಅದು ಬೇರೆಬೇರೆಯಾಗಿ ತೋರಿಸುತ್ತದೆ. ಅದೇ ಪದ್ಧತಿಯಿಂದ ಬೆಳೆದ ಲಿಪಿಯಲ್ಲಿ ಆ ದೇಶ ಇಂದಿಗೂ ಬರೆಯುತ್ತದೆ. ಸುವಾರ್ತೆ ಸಾರಲು ಹೋದವರು ಮೊದಲು ಆಲಿಸಬೇಕಾಯಿತು.

ಕನ್ನಡದಲ್ಲಿ ದನಿ ಬದಲಾದರೂ ನಿಘಂಟಿನ ಅರ್ಥ ಬದಲಾಗುವುದಿಲ್ಲ. ಆದುದರಿಂದಲೇ ನಮಗೆ, ವಿಶೇಷವಾಗಿ ಗುರುಗಳಾದ ನಮಗೆ, ಈ ವಿಷಯದಲ್ಲಿ ಅಸಡ್ಡೆ. ‘ಬಹಳ ದಿನವಾಯಿತಲ್ಲ, ಕಾಣಲೇ ಇಲ್ಲ’ ಎಂಬ ಮಾತು ಒಂದು ದನಿಯಲ್ಲಿ ಸ್ವಾಗತ, ಇನ್ನೊಂದರಲ್ಲಿ ತೀರ್ಪು.

ಮಗ್ದಲದ ಮರಿಯಳು ಪುನರುತ್ಥಾನರಾದ ಪ್ರಭುವನ್ನು ಕಣ್ಣಾರೆ ಕಂಡೂ ತೋಟಗಾರನೆಂದು ಭಾವಿಸಿದಳು. ತನ್ನ ಹೆಸರನ್ನು ಅವರ ಬಾಯಲ್ಲಿ ಕೇಳಿದಾಗಲೇ ಗುರುತು ಹತ್ತಿತು. ಅದು ಒಂದೇ ಒಂದು ಪದ.

ಮನೆಭೇಟಿಯ ವೇಳೆ ವೃದ್ಧೆಯೊಬ್ಬರು ಹೇಳಿದರು: “ಮಗನ ಮದುವೆಯ ವಿಷಯ ಮಾತನಾಡಲು ಹೋಗಿದ್ದೆ ಫಾದರ್. ಆಗಿನ ಸ್ವಾಮಿಗಳು ಬೈಯಲಿಲ್ಲ. ‘ಕುಳಿತುಕೊಳ್ಳಮ್ಮ’ ಎಂದರು, ಅಷ್ಟೆ. ಆ ದನಿ ಕೇಳಿ ಎದ್ದು ಬಂದೆ.” ಹನ್ನೊಂದು ವರ್ಷ ಅವರು ದೇವಾಲಯದ ಮೆಟ್ಟಿಲು ಹತ್ತಿರಲಿಲ್ಲ. ಈಗ ಭಾನುವಾರದ ಮೊದಲ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಪಾಪನಿವೇದನೆಗೆ ಇನ್ನೂ ಬಂದಿಲ್ಲ, ನಾನೂ ಕೇಳಿಲ್ಲ.