ಮೂರು ಊರು, ಒಂದು ಹಾಜರಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು: ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ರೈಲುಮಾರ್ಗದಲ್ಲಿ ಒಂದರ ನಂತರ ಒಂದಾಗಿ ಬರುವ ಊರುಗಳು. ನನ್ನ ಸೇವೆಯೆಲ್ಲ ಈ ಮೂರು ತಾಲೂಕುಗಳಲ್ಲಿಯೇ ಕಳೆಯಿತು. ಈ ಮೂರನ್ನೂ ಒಂದೇ ಪರದೆಯ ಮೇಲೆ ಕಾಣುವ ಭಾಗ್ಯ ನಿವೃತ್ತಿಯ ನಂತರ ದೊರೆಯಿತು. ಅದು ಸುಲಭವಾಗಿ ದೊರೆಯಲಿಲ್ಲವೆಂಬುದನ್ನು ನಿಮಗೆ ಹೇಳಬೇಕಾಗಿದೆ.

2024ರ ಫೆಬ್ರುವರಿಯಲ್ಲಿ ಹಳೆಯ ವಿದ್ಯಾರ್ಥಿಗಳು ರಾಣೆಬೆನ್ನೂರಿನಲ್ಲಿ ಗುರುವಂದನೆಯನ್ನು ಏರ್ಪಡಿಸಿದ್ದರು. ನಿಮಗೆಲ್ಲ ಗಣಿತ ಕಲಿಸಿದ ಹಿರಿಯ ಮಾಸ್ತರು ಆಗ ಬ್ಯಾಡಗಿಯ ತಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಪ್ರಯಾಣ ಮಾಡಲಾಗದ ಕೆಲವು ವಿದ್ಯಾರ್ಥಿನಿಯರು ಹಾವೇರಿಯಲ್ಲಿ ಒಬ್ಬರ ಮನೆಯಲ್ಲಿ ಸೇರುವವರಿದ್ದರು. ಎರಡೂ ಮನೆಗಳಿಂದ ಮೊಬೈಲ್ ಮೂಲಕ ಬರುವ ನೇರ ದೃಶ್ಯ ಹಾಗೂ ಸಭಾಂಗಣದ ಕ್ಯಾಮೆರಾದ ದೃಶ್ಯ, ಹೀಗೆ ಮೂರನ್ನೂ ಒಂದು ಲ್ಯಾಪ್‌ಟಾಪಿಗೆ ತಂದು ತೋರಿಸುವುದು, ಜೊತೆಗೆ ಮುದ್ರಿಸಿಕೊಳ್ಳುವುದು ಎಂದು ನಿಶ್ಚಯವಾಯಿತು.

ಹಿಂದಿನ ದಿನ ಸಂಜೆ ಪರೀಕ್ಷಿಸಿ ನೋಡಿದೆವು. ಮಾಸ್ತರ ಮುಖ ಚೂರುಚೂರಾಗಿ ಕಾಣುತ್ತಿತ್ತು. ಅವರ ಕ್ಷೀಣ ಧ್ವನಿ ಅರ್ಧಕ್ಕೆ ತುಂಡಾಗುತ್ತಿತ್ತು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ನೆರೆದವರೆಲ್ಲ ನೆಟ್‌ವರ್ಕನ್ನೇ ದೂರಿದರು. ಯಂತ್ರದ ಹೊಣೆ ಹೊತ್ತಿದ್ದ ಶಿಷ್ಯನೊಬ್ಬ ಮಾತ್ರ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿ, "ಗುರುಗಳೇ, ನೆಟ್‌ವರ್ಕ್ ಬರೋಬ್ಬರಿ ಐತ್ರಿ. ಪ್ರೊಸೆಸರ್ ನೂರಕ್ಕ ನೂರು ದುಡಿಯಾಕತ್ತೈತ್ರಿ" ಎಂದ.

"ಹಂಗಾದ್ರ ಒಂದೊಂದ ಬಂದ್ ಮಾಡಿ ಬರಕೋ ತಮ್ಮಾ" ಎಂದೆ. ಗಣಿತ ತಪ್ಪಾದಾಗ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಬೇಕೆಂದು ನಿಮಗೆಲ್ಲ ಹೇಳುತ್ತಿದ್ದುದು ಅದನ್ನೇ ಅಲ್ಲವೇ? ದೃಶ್ಯ ಒಂದೂ ಇಲ್ಲದಾಗ ಶೇಕಡಾ 6, ಒಂದಕ್ಕೆ 40, ಎರಡಕ್ಕೆ 73, ಮೂರಕ್ಕೆ 100. ಕಾರಣ ಸ್ಪಷ್ಟವಾಯಿತು. ಬರುವ ದೃಶ್ಯವು ಸಂಕುಚಿತಗೊಂಡ ಗಂಟು. ಪ್ರತಿಯೊಂದು ಚೌಕಟ್ಟನ್ನೂ ಬಿಚ್ಚುವುದು ಯಂತ್ರದ ಕೆಲಸ. ಒಂದು ಚೌಕಟ್ಟಿನಲ್ಲಿ 1920ನ್ನು 1080ರಿಂದ ಗುಣಿಸಿದಷ್ಟು, ಅಂದರೆ 20,73,600 ಬಿಂದುಗಳು. ಸೆಕೆಂಡಿಗೆ 30 ಚೌಕಟ್ಟುಗಳು. ಮೂರು ದೃಶ್ಯಗಳು ಸೇರಿ ಸೆಕೆಂಡಿಗೆ 18 ಕೋಟಿಗೂ ಮೀರಿದ ಬಿಂದುಗಳು! ಇದರ ಮೇಲೆ ಮುದ್ರಿಸಿಕೊಳ್ಳಲು ಎಲ್ಲವನ್ನೂ ಮತ್ತೆ ಸಂಕುಚಿತಗೊಳಿಸುವ ದುಡಿಮೆ ಬೇರೆ.

ಆಗ ನನಗೆ ನೆನಪಾದುದು ನನ್ನ ಮೊದಲ ಶಾಲೆ. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬನೇ ಮಾಸ್ತರ. ಮೊದಲ ತಿಂಗಳು ಎಲ್ಲರ ಪಾಟಿಗಳನ್ನೂ ಏಕಕಾಲಕ್ಕೆ ನೋಡಲು ಹೋಗಿ, ಯಾರದನ್ನೂ ಸರಿಯಾಗಿ ನೋಡದಾದೆ. ಆಗ ದಾರಿ ತೋರಿಸಿದವರು ಇದೇ ಹಿರಿಯ ಮಾಸ್ತರು. "ಎಲ್ಲಾ ಪಾಟಿ ನೀವ ಯಾಕ ನೋಡ್ತೀರಿ? ನಾಲ್ಕನೇತ್ತೆ ಹುಡುಗರ ಕೈಯಾಗ ಒಂದನೇತ್ತೆ ಕೊಡ್ರಿ" ಎಂದಿದ್ದರು.

ಅಂದು ಸಂಜೆ ನಾವು ಮಾಡಿದ್ದೂ ಅದನ್ನೇ. ಮೊಬೈಲುಗಳು 2013ರಲ್ಲಿ ರೂಪುಗೊಂಡ ಹೆಚ್.265 ಎಂಬ ವಿಧಾನದಲ್ಲಿ ದೃಶ್ಯವನ್ನು ಕಳಿಸುತ್ತಿದ್ದವು. ಗಂಟು ಚಿಕ್ಕದು, ಬಿಚ್ಚುವ ಶ್ರಮ ಹೆಚ್ಚು. ಆ ಹಳೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಭಾಗಕ್ಕೆ ಆ ವಿದ್ಯೆ ಬಾರದಾದ್ದರಿಂದ ಭಾರವೆಲ್ಲ ಪ್ರೊಸೆಸರಿನ ಮೇಲೆಯೇ ಬೀಳುತ್ತಿತ್ತು. 2003ರ ಹೆಚ್.264ಕ್ಕೆ ಬದಲಾಯಿಸಿದೊಡನೆ ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಭಾಗವೇ ವಹಿಸಿಕೊಂಡಿತು. ಪರದೆಯ ಮೇಲೆ ಚಿಕ್ಕ ಚೌಕದಲ್ಲಿ ಕಾಣುವ ಮುಖಕ್ಕೆ ದೊಡ್ಡ ಅಳತೆ ಬೇಕಿರಲಿಲ್ಲ. 640 ಮತ್ತು 360ಕ್ಕೆ ಇಳಿಸಿ, ಸೆಕೆಂಡಿಗೆ 15 ಚೌಕಟ್ಟು ಮಾಡಿದೆವು. ಲೆಕ್ಕ ಹಾಕಿ ನೋಡಿ, ಬಿಂದುಗಳ ಹೊರೆ ಹದಿನೆಂಟರಲ್ಲಿ ಒಂದು ಪಾಲಾಗುತ್ತದೆ. ಬಂದ ದೃಶ್ಯಗಳನ್ನು ಮರುಸಂಕುಚನ ಮಾಡದೆ ಬಂದಂತೆಯೇ ಉಳಿಸಿಕೊಳ್ಳಲು ಹೇಳಿದೆವು. ಬ್ಯಾಟರಿ ಉಳಿತಾಯದಲ್ಲಿ ನಿಧಾನಿಸುತ್ತಿದ್ದ ಯಂತ್ರಕ್ಕೆ ಚಾರ್ಜರನ್ನೂ ಜೋಡಿಸಿದೆವು. ಶೇಕಡಾ 100 ಇದ್ದದ್ದು 30ರ ಆಸುಪಾಸಿಗೆ ಇಳಿಯಿತು. ಫ್ಯಾನಿನ ಸದ್ದು ಅಡಗಿತು.

ಮರುದಿನ ಮಾಸ್ತರು ಪರದೆಯ ಮೇಲೆ ಕಾಣಿಸಿಕೊಂಡರು. ದಿಂಬಿಗೆ ಒರಗಿ, ಕನ್ನಡಕ ಸರಿಪಡಿಸಿಕೊಂಡು, ನಾವು ಬೇಡಿದ ಆಶೀರ್ವಚನವನ್ನು ಬಿಟ್ಟು, "ಹಾಜರಿ ಕರೀಲೇನು?" ಎಂದರು. ಪುಸ್ತಕವಿಲ್ಲದೆ ನೆನಪಿನಿಂದಲೇ ಒಂದೊಂದು ಹೆಸರು ಕರೆದರು. ರಾಣೆಬೆನ್ನೂರಿನ ಸಭಾಂಗಣದಿಂದ ಅರವತ್ತು ವರ್ಷದ ಹುಡುಗರು, ಹಾವೇರಿಯ ಮನೆಯಿಂದ ಅಜ್ಜಿಯರಾದ ಹುಡುಗಿಯರು "ಹಾಜರ್ ರೀ ಸರ್" ಎಂದರು. ಈ ಲೋಕದಲ್ಲಿಯೇ ಇಲ್ಲದ ಇಬ್ಬರ ಹೆಸರು ಬಂದಾಗ ಯಾರೂ ಉತ್ತರಿಸಲಿಲ್ಲ. ಮಾಸ್ತರು ಕ್ಷಣ ನಿಂತು ಮುಂದಿನ ಹೆಸರಿಗೆ ಹೋದರು. ಆ ಮೌನವೂ ತುಂಡಾಗದೆ ನಮ್ಮನ್ನು ತಲುಪಿತು.

ಅದೇ ವರ್ಷದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅಂದು ಮುದ್ರಿಸಿಕೊಂಡ ದೃಶ್ಯ ನನ್ನ ಬಳಿಯಿದೆ. ಚಿತ್ರ ಅಷ್ಟೇನೂ ನುಣುಪಾಗಿಲ್ಲ, ಆದರೆ ಒಂದು ಹೆಸರೂ ತಪ್ಪಿಲ್ಲ. ಬೇಕಾದವರು ಬಂದು ಪಡೆಯಿರಿ. ಮುಂದೆ ಇಂತಹ ಕಾರ್ಯಕ್ರಮ ಮಾಡುವವರು ಹೊಸ ಯಂತ್ರ ಕೊಳ್ಳುವ ಮೊದಲು, ಇರುವ ಯಂತ್ರಕ್ಕೆ ಬೇಡದ ಕೆಲಸವನ್ನು ಹೇರಿದ್ದೇವೆಯೇ ಎಂದು ಒಮ್ಮೆ ನೋಡಿ.