ಕಾಗಿಯ ಕಡೆಯವರು

ರಾಯಚೂರಿನ ಯಾವ ಶಾಲೆಗೆ ಹೋಗಿ ಮಕ್ಕಳ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟರೂ ಅವು ಬರೆಯುವುದು ಒಂದೇ ಚಿತ್ರ. ಎರಡು ತ್ರಿಕೋನ ಗುಡ್ಡ, ನಡುವೆ ಇಣುಕುವ ಸೂರ್ಯ, ಕೆಳಗೆ ಇಳಿದು ಬರುವ ಹೊಳೆ, ಹೊಳೆ ದಂಡೆಗೆ ಹಂಚಿನ ಮನೆ, ಮನೆಯ ಮಗ್ಗುಲಿಗೆ ಬಾಗಿದ ತೆಂಗಿನಮರ. ನಮ್ಮ ಗುಡ್ಡಗಳು ತ್ರಿಕೋನವಲ್ಲ. ಯಾರೋ ಬಂಡೆಗಳನ್ನು ಎಣಿಸಲೆಂದು ಒಟ್ಟಿ, ನಡುವೆ ಊಟಕ್ಕೆ ಕರೆ ಬಂದು ಎದ್ದುಹೋದ ಹಾಗಿವೆ. ನಮ್ಮ ಸೂರ್ಯನಿಗೆ ಇಣುಕುವ ಸ್ವಭಾವವೂ ಇಲ್ಲ. ಬೇಸಿಗೆಯಲ್ಲಿ ಎದ್ದವನೇ ನೆತ್ತಿಗೆ ಬಂದು ಕೂರುತ್ತಾನೆ, 42 ಡಿಗ್ರಿಯ ಕೆಳಗೆ ಮಾತೇ ಆಡುವುದಿಲ್ಲ. ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಆದರೂ ಮಗು ಅದೇ ಚಿತ್ರ ಬರೆಯುತ್ತದೆ, ಟೀಚರು ಅದರ ಕೆಳಗೆ ‘ಗುಡ್’ ಹಾಕುತ್ತಾರೆ.

ಮಗುವನ್ನು ಬೈದು ಫಲವಿಲ್ಲ. ಕನ್ನಡದ ಮಕ್ಕಳ ಸಾಹಿತ್ಯ ಕಣ್ಣು ಬಿಟ್ಟದ್ದೇ ಮಳೆ ಬೀಳುವ ಕಡೆ. ಪಂಜೆ ಮಂಗೇಶರಾಯರು 1921ರಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದ್ದು ಮಂಗಳೂರಿನಲ್ಲಿ. ‘ಬಾಲ ಪ್ರಪಂಚ’ ಮಾಡಿದ ಕಾರಂತರು ಕರಾವಳಿಯವರು, ಕಿಂದರಿಜೋಗಿಯನ್ನು ಕೊಟ್ಟ ಕುವೆಂಪು ಮಲೆನಾಡಿನವರು. ಆಗ ರಾಯಚೂರು ನಿಜಾಮರ ಸೀಮೆ, ಶಾಲೆಯ ಮಾತು ಉರ್ದು. ನಮ್ಮ ಅಜ್ಜ ಅಲಿಫ್, ಬೇ ತಿದ್ದಿದವರು. ಸಾಯುವ ತನಕ ಲೆಕ್ಕ ಹಾಕುವುದು ಉರ್ದುವಿನಲ್ಲಿ, ದೇವರನ್ನು ಬೇಡುವುದು ಮತ್ತು ಎತ್ತನ್ನು ಬೈಯುವುದು ಕನ್ನಡದಲ್ಲಿ. ಪಂಡಿತ ತಾರಾನಾಥರು 1920ರಲ್ಲಿ ಇದೇ ರಾಯಚೂರಿನಲ್ಲಿ ಹಿಂದೂ ಮುಸ್ಲಿಂ ಮಕ್ಕಳು ಕೂಡಿ ಕಲಿಯಲೆಂದು ಹಮ್ದರ್ದ್ ಶಾಲೆ ತೆರೆದದ್ದು ಆ ಕಾಲಕ್ಕೆ ದೊಡ್ಡ ಮಾತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಕನ್ನಡದ ಮಕ್ಕಳ ಪುಸ್ತಕದಲ್ಲಿ ಅಡಿಕೆ, ತೆಂಗು, ದೋಣಿ, ಕೊಡೆ ಎಲ್ಲವೂ ಜಾಗ ಹಿಡಿದು ಕುಳಿತಿದ್ದವು. ಜಾಲಿಗಿಡಕ್ಕೆ ನಿಲ್ಲಲೂ ಜಾಗವಿರಲಿಲ್ಲ.

ಹಾಗೆಂದು ನಾವು ಕತೆಯಿಲ್ಲದೆ ಬೆಳೆದವರಲ್ಲ. ದೇವದುರ್ಗದ ನಮ್ಮ ಅಜ್ಜಿಯ ಮನೆಯಲ್ಲಿ ಕಾಗಿ ಗುಬ್ಬಿ ಕತೆ ಎರಡು ಕಡೆ ಸಿಗುತ್ತಿತ್ತು. ಪಡಸಾಲೆಯಲ್ಲಿ ಒಂದು, ಹಿತ್ತಲಲ್ಲಿ ಒಂದು.

ಪಡಸಾಲೆಯದು ಅಜ್ಜಿಯ ಕತೆ, ನಿಮಗೂ ಗೊತ್ತಿರುವಂಥದು. ಕಾಗಿಯ ಮನೆ ಸಗಣಿಯದು, ಗುಬ್ಬಿಯ ಮನೆ ಕಲ್ಲಿನದು. ಮಳೆ ಬಂತು, ಸಗಣಿ ಮನೆ ಕರಗಿತು. ಕಾಗಿ ತೊಯ್ಸಿಕೊಂಡು ಬಂದು ಗುಬ್ಬಿಯ ಕದ ಬಡಿಯಿತು. ಗುಬ್ಬಿ ಒಳಗಿನಿಂದಲೇ ಕೂಸಿಗೆ ಎರಿಯಾಕತ್ತೀನಿ, ಕಾಡಿಗಿ ಹಚ್ಚಾಕತ್ತೀನಿ, ತೊಟ್ಟಿಲು ತೂಗಾಕತ್ತೀನಿ ಎಂದು ಬಹಳ ಹೊತ್ತು ಕಾಯಿಸಿ, ಕೊನೆಗೆ ಕನಿಕರಪಟ್ಟು ಒಳಗೆ ಬಿಟ್ಟಿತು. ರಾತ್ರಿ ಕಾಗಿ ಮೂಲೆಯಲ್ಲಿದ್ದ ಕಡಲೆಯನ್ನೆಲ್ಲ ತಿಂದು ತೀರಿಸಿತು. ಬೆಳಿಗ್ಗೆ ಗುಬ್ಬಿ ಸೌಟು ಕಾಸಿ ಬರೆ ಹಾಕಿ ಓಡಿಸಿತು. ಅಜ್ಜಿ ಇಲ್ಲಿಗೆ ನಿಲ್ಲಿಸಿ, “ಅದಕ್ಕ, ಕಂಡವ್ರನ್ನೆಲ್ಲ ಮನಿ ಒಳಗ ಬಿಟಕೋಬಾರದು” ಎನ್ನುವಳು. ಕಲ್ಲಿನ ಮನೆಯಲ್ಲಿ ಕುಳಿತವಳಿಗೆ ತಕ್ಕ ಮಾತು.

ಹಿತ್ತಲಿನದು ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುತ್ತಿದ್ದ ಮುದುಕಿಯ ಕತೆ. ವಯಸ್ಸಿನಲ್ಲಿ ಅಜ್ಜಿಗಿಂತ ಹಿರಿಯಳು. ಆದರೆ ನಾವು ಹುಡುಗರು ಅವಳನ್ನು ಹೆಸರು ಹಿಡಿದು ಏಕವಚನದಲ್ಲೇ ಕರೆಯಬೇಕು; ಅವಳು ಮೂಗು ಸೋರುವ ನನಗೆ ‘ಸಣ್ಣ ಧಣ್ಯಾರ’ ಎನ್ನಬೇಕು. ಯಾವ ಪಠ್ಯಪುಸ್ತಕವೂ ನಮಗಿದನ್ನು ಕಲಿಸಿರಲಿಲ್ಲ, ಯಾವ ಪಠ್ಯಪುಸ್ತಕವೂ ಬಿಡಿಸಲಿಲ್ಲ. ಅವಳು ಚಾ ಕುಡಿಯುವ ಗಾಜಿನ ಲೋಟ ಹಿತ್ತಲ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಕತೆ ಹೇಳುವಾಗ ಮಾತ್ರ ಅವಳ ದನಿ ಬೇರೆ.

“ಕಾಗಿ ಮನಿ ಸಗಣೀದು ಯಾಕ ಆತು, ಅದನ್ನ ಕೇಳ್ರಿ ಮೊದ್ಲು” ಎನ್ನುವಳು. “ಗುಬ್ಬಿ ಮನಿಗೆ ಕಲ್ಲು ಹೊತ್ತಾಕಿ ಯಾರು? ಕಾಗಿ. ಗುಬ್ಬಿ ಮನಿ ನೆಲ ಸಾರಿಸಿದಾಕಿ ಯಾರು? ಕಾಗಿ. ಸಾರಿಸಿ ಉಳಿದ ಸಗಣಿ ಒಯ್ದು ತನಗೊಂದು ಮನಿ ಕಟಗೊಂಡಾಳ, ಪಾಪ. ಗುಬ್ಬಿ ಕೂಲಿ ಕೊಡೋದು ಹಂಗೇ ಬಾಕಿ ಐತಿ.”

“ಮತ್ತ ಕಡ್ಲಿ ತಿಂದಿದ್ದು?”

“ಕಳುವು ಅಲ್ರೀ ಸಣ್ಣ ಧಣ್ಯಾರ, ಬಾಕಿ ಕೂಲಿ. ಬಡ್ಡಿ ಬಿಟ್ಟಾಳ ಕಾಗಿ, ದೊಡ್ಡ ಮನಸು.”

ಒಳಗಿನಿಂದ ಅಜ್ಜಿ, “ಏನ್ ಕಲಸ್ತೀಯ ಹುಡುಗರಿಗೆ?” ಎಂದು ಕೂಗುವಳು. “ಏನಿಲ್ರೀ ಅಮ್ಮಾರ, ಕತಿ” ಎಂದು ಇವಳು ಮತ್ತೆ ಮೆಣಸಿನಕಾಯಿ ಕಡೆ ಬಾಗುವಳು. ಅಜ್ಜಿ ಆ ದಿನ ಕಾಳು ಅಳೆದು ಕೊಡುವಾಗ ಸೇರಿನ ಮೇಲೆ ಒಂದು ಹಿಡಿ ಹೆಚ್ಚು ಹಾಕಿದಳೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಆದರೆ ಅಜ್ಜಿ ಆಮೇಲೆ ನಮಗೆ ಪುಣ್ಯಕೋಟಿ ಹೇಳತೊಡಗಿದಳು, ಕಾಗಿ ಕತೆ ಬಿಟ್ಟೇಬಿಟ್ಟಳು.

ಪುಣ್ಯಕೋಟಿ ಸುರಕ್ಷಿತ ಎಂದು ಅವಳ ಎಣಿಕೆ. ಮಾತು ತಪ್ಪದ ಹಸು, ನಾಚಿ ಪ್ರಾಣ ಬಿಟ್ಟ ಹುಲಿ, ಕೇಳಿದವರ ಕಣ್ಣಲ್ಲಿ ನೀರು. ಆದರೆ ಓಣಿಯಲ್ಲಿ ನಮ್ಮ ವಾರಿಗೆಯ ಹುಡುಗನೊಬ್ಬನಿದ್ದ. ಶಾಲೆ ಬಿಡಿಸಿ ಅವನನ್ನು ಗೌಡರ ಮನೆಯ ದನ ಕಾಯಲು ಇಟ್ಟಿದ್ದರು. ಜೀತ ಪದ್ಧತಿ 1976ರಲ್ಲೇ ಕಾನೂನಿನಲ್ಲಿ ರದ್ದಾದದ್ದು ಅವನ ಗೌಡರಿಗೂ ತಿಳಿದಿರಲಿಲ್ಲ, ದನಗಳಿಗೂ ತಿಳಿದಿರಲಿಲ್ಲ. ಎಲ್ಲರೂ ಹಸುವಿಗಾಗಿ ಅಳುತ್ತಿರುವಾಗ ಅವನೊಬ್ಬ ಗೊಲ್ಲನ ಚಿಂತೆಯಲ್ಲಿದ್ದ. “ಆಕಳ ಹೊತ್ತು ಮುಳುಗಿದ್ರೂ ಬರಲಿಲ್ಲ, ಕಾಳಿಂಗ ಹೆಂಗ ಸುಮ್ಮನ ಕುಂತ? ಒಂದು ಕರ ತಪ್ಪಿದ್ರ ನನಗ ಉಣ್ಣಾಕ ಹಾಕಂಗಿಲ್ಲ.” ಇಷ್ಟು ವರ್ಷ ಗೋವಿನ ಹಾಡಿನ ಮೇಲೆ ವಿದ್ವಾಂಸರು ಬರೆದದ್ದನ್ನು ಆಗೀಗ ಓದಿದ್ದೇನೆ. ಅವನಷ್ಟು ನೆಟ್ಟಗೆ ಕೇಳಿದವರನ್ನು ಕಾಣೆ.

ಅಪ್ಪ ಕಂದಾಯ ಇಲಾಖೆಯ ಗುಮಾಸ್ತ. ಬದಲಿಯಾಗಿ ಮಾನ್ವಿಗೆ ಹೋದೆವು. ವಿಜಯದಾಸರು ಹುಟ್ಟಿದ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಈ ಸೀಮೆಯವು. ಹಾಡಿಗೆ ಬರವಿಲ್ಲದ ನೆಲ. ಬರವಿದ್ದದ್ದು ನೀರಿಗೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಮಾನ್ವಿ ಹಸಿರಾಗಿತ್ತು, ಭತ್ತದ ಗದ್ದೆ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಕ್ಯಾಂಪಿನ ತೆಲುಗು ಎಲ್ಲ ಇತ್ತು. ಆದರೆ ನೀರು ಕಾಲುವೆಯ ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಪುರಾಣದ ಸರಸ್ವತಿ ನದಿಯ ನೆನಪಾಗುತ್ತಿತ್ತು.

ಅಲ್ಲಿ ಮಾಸ್ತರರು ಕಿಂದರಿಜೋಗಿ ಪಾಠ ಮಾಡಿದರು. ಬೊಮ್ಮನಹಳ್ಳಿಯ ಇಲಿಗಳೆಲ್ಲ ಕಿಂದರಿಯ ನಾದಕ್ಕೆ ಮರುಳಾಗಿ ತುಂಗೆಗೆ ಬಿದ್ದವೆಂದು ಅವರು ಕುಣಿದು ತೋರಿಸಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

“ಸಾರ್, ತುಂಗಾ ಅಂದ್ರ ನಮ್ಮ ತುಂಗಭದ್ರಾನ?”

“ಹೌದೋ. ಕೂಡ್ಲಿಯೊಳಗ ಭದ್ರಾ ಕೂಡತಾಳ.”

“ಅಂದ್ರ ಆ ಸತ್ತ ಇಲಿ ಎಲ್ಲ ನಮ್ಮ ಕಡೀಗೇ ಬಂದಾವ್ರಿ!”

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡಿತು. ಮಲೆನಾಡಿನವರ ಹೊಲಸು ನಮ್ಮ ಕುಡಿಯುವ ನೀರಿಗೆ ಬಂದ ಸಿಟ್ಟಿನಲ್ಲಿ ಒಬ್ಬ, ನಡುವೆ ಹೊಸಪೇಟೆ ಡ್ಯಾಮಿನಲ್ಲಿ ನಿಂತಿರುತ್ತವೆ ಎಂಬ ಸಮಾಧಾನದಲ್ಲಿ ಇನ್ನೊಬ್ಬ. ಅಷ್ಟರಲ್ಲಿ ಕೊನೆ ಭಾಗದ ಊರಿನ ಹುಡುಗನೊಬ್ಬ ತಣ್ಣಗೆ ಹೇಳಿದ: “ನಮ್ಮೂರಿಗೆ ಇಲಿನೂ ಬಂದಿಲ್ರಿ. ಮ್ಯಾಲಿನವ್ರು ತೂಬು ಒಡದು ಅಲ್ಲೇ ತಿರುವಿಕೊಂಡಾರ.” ಮಾಸ್ತರರು ನಕ್ಕು ಪಾಠ ಅಲ್ಲಿಗೇ ನಿಲ್ಲಿಸಿದರು. ಅವರದೂ ಕೊನೆ ಭಾಗದಲ್ಲಿ ನಾಲ್ಕೆಕರೆ ಇತ್ತು.

ಕಿಂದರಿಜೋಗಿಗೆ ಮೂಲವಾದ ಬ್ರೌನಿಂಗನ ಇಂಗ್ಲಿಷ್ ಪದ್ಯದಲ್ಲಿ ಕೂಲಿಯ ಮಾತು ತಪ್ಪಿದವನು ನಗರದ ಮೇಯರ್. ಕುವೆಂಪು ಅವನನ್ನು ತೆಗೆದು ಊರ ಗೌಡನನ್ನು ಕೂರಿಸಿದರು. ಇದು ಬರೀ ವೇಷ ಬದಲಿಸಿದ್ದಲ್ಲ. ಕೆಲಸ ಆಗುವ ತನಕ ಒಂದು ಮಾತು, ಆದ ಮೇಲೆ ಇನ್ನೊಂದು ಮಾತು ಆಡುವ ಗೌಡ ಮಾನ್ವಿ ತಾಲೂಕಿನ ಹುಡುಗರಿಗೆ ಗುರುತಿನವನು. ಕಿಂದರಿಜೋಗಿ ಮಕ್ಕಳನ್ನು ಕರೆದೊಯ್ದದ್ದು ಕ್ರೂರವೆಂದು ದೊಡ್ಡವರಿಗೆ ಅನ್ನಿಸುತ್ತದೆ. ನಮ್ಮ ತರಗತಿಗೆ ಅನ್ನಿಸಿದ್ದು ಒಂದೇ: ಕೂಲಿ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಚಂದಮಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1949ರಿಂದ ಕನ್ನಡದಲ್ಲಿ ಬಂದ ಅದನ್ನು ನಾವೂ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಹಳೆಯ ಸಂಚಿಕೆ ಹುಡುಕಿ ಓದಿದೆವು. ಅದರಲ್ಲಿ ರಾಜರು, ಜಮೀನ್ದಾರರು, ಬುದ್ಧಿವಂತ ಬಡವರು ಇದ್ದರು. ಬಡವನಿಗೆ ಬುದ್ಧಿ ಇದ್ದರೆ ರಾಜ ಚೀಲ ತುಂಬ ವರಹ ಕೊಡುತ್ತಿದ್ದ. ಬುದ್ಧಿಯೂ ಇಲ್ಲದ ಬಡವನ ಗತಿಯೇನೆಂದು ಬೇತಾಳ ಒಮ್ಮೆಯೂ ಕೇಳಲಿಲ್ಲ. ನವಕರ್ನಾಟಕದವರು ಮಾರುತ್ತಿದ್ದ ರಷ್ಯದ ಮಕ್ಕಳ ಪುಸ್ತಕಗಳು ಇನ್ನೂ ವಿಚಿತ್ರ. ಮೇ ತಿಂಗಳ ಮಧ್ಯಾಹ್ನ, ಕರೆಂಟಿಲ್ಲದೆ, ಒದ್ದೆ ಟವಲು ಹೊದ್ದು ಹಿಮದ ಮೇಲೆ ಜಾರುವ ಹುಡುಗನ ಕತೆ ಓದಿದ್ದೇನೆ. ಸಮಾನತೆಯ ಪಾಠ ತಲೆಗೆ ಹೋಯಿತೋ ಇಲ್ಲವೋ, ತಂಪಾಗಿದ್ದು ನಿಜ.

ಪಡಸಾಲೆಗೆ ಹಿತ್ತಲು ಉತ್ತರ ಕೊಡುವ ಪುಸ್ತಕ ನಾನು ಮೊದಲು ಕಂಡದ್ದು ಕಾಗದದಲ್ಲಲ್ಲ, ರಾಯಚೂರು ಕೋಟೆಯ ಗೋಡೆಯಲ್ಲಿ. 1294ರ ಶಾಸನವಿರುವ ಆ ಉದ್ದನೆಯ ಕಲ್ಲನ್ನು ನೋಡಿದವರಿಗೆ ಗೊತ್ತು. ಅದನ್ನು ಬಂಡಿಯ ಮೇಲೆ ಹೇರಿ, ಕೋಣ ಕಟ್ಟಿ, ಆಳುಗಳು ದೂಡಿಕೊಂಡು ತಂದ ದೃಶ್ಯವನ್ನು ಅಲ್ಲೇ ಗೋಡೆಯಲ್ಲಿ ಗೀರಿದ್ದಾರೆ. ಕೋಟೆ ಕಟ್ಟಿಸಿದ ಗೋರೆ ಗನ್ನಯ್ಯರೆಡ್ಡಿಯ ಹೆಸರು ಶಾಸನದಲ್ಲಿದೆ. ದೂಡಿದವರ ಹೆಸರಿಲ್ಲ. ಆದರೆ ಬರೆದ ಕೈಗೆ ದೂಡಿದವರ ಬೆನ್ನು ಕಾಣಿಸಿತ್ತು. ಕಾಗಿ ಕಲ್ಲು ಹೊತ್ತದ್ದಕ್ಕೆ ಸಾಕ್ಷಿ ಇದೆ ಎಂದು ಆ ಮುದುಕಿಗೆ ಹೋಗಿ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳು ತೀರಿಹೋಗಿದ್ದಳು.

ಈಗ ನಾನಿರುವುದು ರಾಯಚೂರು ನಗರದಲ್ಲೇ. ಪಕ್ಕದ ಮನೆಯ ಇಂಗ್ಲಿಷ್ ಮೀಡಿಯಂ ಹುಡುಗಿ ಮಳೆಯನ್ನು ಹೋಗೆಂದು ಓಡಿಸುವ ಪದ್ಯ ಹಾಡುತ್ತಾಳೆ. ಅವಳ ಅಜ್ಜಿ ಸಣ್ಣವಳಿದ್ದಾಗ ತಲೆಯ ಮೇಲೆ ಗುರ್ಜಿ ಹೊತ್ತು, ಮನೆಮನೆಯ ಮುಂದೆ ನೀರು ಹಾಕಿಸಿಕೊಂಡು ಮಳೆಯನ್ನು ಕರೆದವಳು. ಮುಂಗಾರು ಎರಡೂ ದನಿ ಕೇಳಿ ಗೊಂದಲಕ್ಕೆ ಬಿದ್ದಿರಬೇಕು, ಇತ್ತೀಚೆಗೆ ತನಗೆ ತಿಳಿದಾಗ ಬರುತ್ತದೆ.

ಬರೆಯುವವರು ಬದಲಾಗಿದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಮಕ್ಕಳ ಮುಂದೆ ಅಣೆಕಟ್ಟು ನುಂಗಿದ ಊರನ್ನೇ ಇಟ್ಟಿತು. 2019ರಲ್ಲಿ ಅದೇ ಪುರಸ್ಕಾರ ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಶಹಾಪುರದ ಚಂದ್ರಕಾಂತ ಕರದಳ್ಳಿಯವರಿಗೆ ಬಂತು. 2025ರಲ್ಲಿ ಬಳ್ಳಾರಿ ಸೀಮೆಯ ಶಿವಲಿಂಗಪ್ಪ ಹಂದಿಹಾಳ್ ಅವರ ‘ನೋಟ್‌ಬುಕ್’ಗೆ ಬಂತು. ಬಿಸಿಲಿನವರ ಸರದಿ ತಡವಾಗಿಯಾದರೂ ಬಂದಿದೆ.

ಆದರೆ ದೇವದುರ್ಗದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವವರ ಜೊತೆ ಮಕ್ಕಳೂ ಹೋಗುತ್ತವೆ. ಅವ್ವ ಇಟ್ಟಿಗೆ ಹೊರುತ್ತಾಳೆ, ಮಗು ಮರಳ ರಾಶಿಯ ಮೇಲೆ ತಂಗಿಯನ್ನು ಆಡಿಸುತ್ತದೆ. ಕಟ್ಟಡ ಎದ್ದ ಮೇಲೆ ಒಳಗೆ ಬರುವ ಮಕ್ಕಳಿಗೆ ಒಳ್ಳೊಳ್ಳೆಯ ಚಿತ್ರಪುಸ್ತಕಗಳಿವೆ. ಹೊರಗೆ ಪತ್ರಾಸಿನ ಗುಡಿಸಲಲ್ಲಿದ್ದ ಮಗುವಿನ ಕತೆ ಆ ಪುಸ್ತಕದಲ್ಲಿ ಬರಬೇಕಾದ್ದು ಇನ್ನೂ ಬಾಕಿ.

ಗುಮಾಸ್ತನ ಮಗನಾದ್ದರಿಂದ ಅರ್ಜಿ ಬರೆಯುವ ಚಾಳಿ ನನಗೂ ಇದೆ. ಮಕ್ಕಳ ಪುಸ್ತಕ ಮಾಡುವ ಮಾನ್ಯರಲ್ಲಿ ಬಿನ್ನಹ: ಪಡಸಾಲೆಯ ಕತೆಯನ್ನು ಧಾರಾಳವಾಗಿ ಅಚ್ಚು ಹಾಕಿ, ಅದೂ ಬೇಕು. ಎದುರು ಪುಟದಲ್ಲಿ ಹಿತ್ತಲಿನದನ್ನೂ ಹಾಕಿ. ಕತೆಯ ಕೆಳಗೆ ‘ನೀತಿ’ ಎಂದು ಬರೆಯುವ ರೂಢಿ ಬಿಡಲಾಗದಿದ್ದರೆ ಆ ಒಂದು ಪದವನ್ನಷ್ಟೇ ಅಚ್ಚು ಮಾಡಿ, ಮುಂದೆ ಎರಡು ಸಾಲು ಖಾಲಿ ಬಿಡಿ. ತುಂಬುವ ಕೆಲಸ ನಮ್ಮ ಹುಡುಗರು ಮಾಡುತ್ತಾರೆ. ಪೆನ್ಸಿಲಿನ ಖರ್ಚು ನಾವು ನೋಡಿಕೊಳ್ಳುತ್ತೇವೆ.