ಎಡಕ್ಕೆ ತಿರುಗಿದ ಕತ್ತು

ಸೆಪ್ಟೆಂಬರ್ 30, 2024, ಸೋಮವಾರ

ಕತ್ತು ಹಿಡಿದುಕೊಂಡಿದೆ. ಬಲಕ್ಕೆ ತಿರುಗುತ್ತದೆ, ಎಡಕ್ಕೆ ಅರ್ಧದಲ್ಲೇ ನಿಲ್ಲುತ್ತದೆ. ಚಾಮರಾಜಪೇಟೆಯಲ್ಲಿ ರಸ್ತೆ ದಾಟುವಾಗ ಆಟೋ ಬರುತ್ತಿದೆಯೇ ಎಂದು ಇಡೀ ಮೈಯನ್ನೇ ತಿರುಗಿಸಿ ನೋಡಬೇಕಾಯಿತು.

ರಾಜ್ಯೋತ್ಸವಕ್ಕೆ ಬಿಡುಗಡೆಯಾಗಬೇಕಾದ ಪುಸ್ತಕಗಳೆಲ್ಲ ಪ್ರೆಸ್ಸಿನಲ್ಲಿ ಟೈಪ್ ಮಾಡುವ ನನ್ನ ಮೇಜಿಗೆ ಬಂದು ಬಿದ್ದಿವೆ. ಕವನ ಸಂಕಲನಗಳ ಚಿಂತೆಯಿಲ್ಲ, ಪುಟಕ್ಕೆ ಇಪ್ಪತ್ತು ಸಾಲು. ಹಿಂಡುತ್ತಿರುವುದು ಡಾಕ್ಟರೊಬ್ಬರ ಆರೋಗ್ಯ ಲೇಖನಗಳ ಕಟ್ಟು. ಕೈಬರಹ, ಹಾಳೆಯ ಎರಡೂ ಬದಿ, ಅಂಚಿನಲ್ಲೆಲ್ಲ ಬಾಣದ ಗುರುತುಗಳು. ‘ನುಡಿ’ ತಂತ್ರಾಂಶದಲ್ಲಿ ಬೆರಳು ತಾನಾಗಿ ಓಡುತ್ತದೆ, ಕೀಬೋರ್ಡ್ ನೋಡಬೇಕಿಲ್ಲ. ಹಾಗಾಗಿ ಕಣ್ಣೆಲ್ಲ ಎಡಗಡೆ ಮೇಜಿನ ಮೇಲೆ ಮಲಗಿಸಿದ ಕಾಪಿಯ ಮೇಲೆ. ಓದಲು ಕತ್ತು ಎಡಕ್ಕೆ ತಿರುಗಿ ಕೆಳಕ್ಕೆ ಬಾಗಬೇಕು, ಪರದೆ ನೋಡಲು ಮತ್ತೆ ನೇರ. ಬೆಳಗಿನಿಂದ ಸಂಜೆಯವರೆಗೆ ಇದೇ.

ರಾತ್ರಿ ಅತ್ತೆ ಕೊಟ್ಟಂಚುಕ್ಕಾದಿ ತೈಲ ಬಿಸಿ ಮಾಡಿ ತಿಕ್ಕಿದರು. “ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಬೆನ್ನಿಗೊಂದು ಒದೆಸ್ಕೊಂಡ್ರೆ ಚಳಕು ಬಿಟ್ಟೋಗುತ್ತಮ್ಮ, ನಮ್ಮೂರಲ್ಲಿ ಹಂಗೇ ಮಾಡ್ತಿದ್ರು” ಅಂದರು. ಈಗ ಅಂಥವರನ್ನು ಎಲ್ಲಿ ಹುಡುಕುವುದು? ಕೇಳಿದವರೆಲ್ಲ ಸಿಸೇರಿಯನ್ ಅನ್ನುತ್ತಾರೆ.

ಅಕ್ಟೋಬರ್ 3, ಗುರುವಾರ

ಬಸವನಗುಡಿಯ ಫಿಸಿಯೋ ಹತ್ತಿರ ಹೋದೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಎಕ್ಸ್‌ರೇ ಕೇಳಲಿಲ್ಲ, ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದಳು. ಕೈ ಜೋಮು ಹಿಡಿಯುತ್ತಾ? ಲೋಟ ಹಿಡಿದರೆ ಜಾರುತ್ತಾ? ನಡೆಯುವಾಗ ಕಾಲು ತಡವರಿಸುತ್ತಾ? ಜ್ವರ ಬರ್ತಿದೆಯಾ, ಕಾರಣವಿಲ್ಲದೆ ತೂಕ ಇಳಿದಿದೆಯಾ? ಒಂದಕ್ಕೆ, ಎರಡಕ್ಕೆ ಹೋಗೋದು ಹಿಡಿತದಲ್ಲಿದೆಯಾ? ಇದ್ಯಾವ ತೊಂದರೆಯೂ ಇಲ್ಲ ಎಂದೆ. “ಹಾಗಾದ್ರೆ ಸ್ಕ್ಯಾನ್ ಬೇಡ ಮೇಡಂ. ಇದರಲ್ಲಿ ಒಂದು ಇದ್ದಿದ್ರೂ ಇವತ್ತೇ ಡಾಕ್ಟರ್ ಹತ್ರ ಕಳಿಸ್ತಿದ್ದೆ” ಅಂದಳು.

ಆಮೇಲೆ ಹೆಬ್ಬೆರಳಿನಿಂದ ಭುಜದ ಹಲಗೆಯ ಮೇಲ್ಮೂಲೆ ಒತ್ತಿದಳು. ಕಣ್ಣಲ್ಲಿ ನೀರು ಬಂತು. ಅಲ್ಲಿಂದ ಕತ್ತಿನ ಮೇಲಿನ ನಾಲ್ಕು ಮೂಳೆಗಳಿಗೆ ಹತ್ತುವ ಸ್ನಾಯು ಒಂದಿದೆಯಂತೆ. ಕತ್ತನ್ನು ಒಂದೇ ಕಡೆ ತಿರುಗಿಸಿಟ್ಟು ದುಡಿಸಿದರೆ ಮೊದಲು ಮುನಿಯುವುದು ಅದೇ. ತಲೆಯ ತೂಕ ಐದು ಕಿಲೋ ಹತ್ತಿರ. ನೆಟ್ಟಗಿದ್ದಾಗ ಮೂಳೆಗಳೇ ಹೊರುತ್ತವೆ, ಮುಂದಕ್ಕೆ ಚಾಚಿದಷ್ಟೂ ಹಿಂದಿನ ಸ್ನಾಯುಗಳು ಜಗ್ಗಬೇಕು.

ಕಲಿಸಿದ್ದು ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳುವ ವ್ಯಾಯಾಮ. ನೋಟ ನೇರ ಇರಬೇಕು, ಗಲ್ಲ ಕೆಳಗಿಳಿಯಬಾರದು, ಇಡೀ ಮುಖ ಹಿಂದಕ್ಕೆ ಸರಿಯಬೇಕು: ಬೇಡದ ಸಂಬಂಧದ ಪ್ರಸ್ತಾಪ ಬಂದಾಗ ಹೆಣ್ಣಿನ ತಾಯಿ ಮುಖ ಹಿಂದೆ ಸರಿಸುವ ಹಾಗೆ. ಎರಡು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ. ಕನ್ನಡಿಯಲ್ಲಿ ನೋಡಿಕೊಂಡರೆ ಎರಡು ಗಲ್ಲ ಕಾಣುತ್ತದೆ. ಎರಡು ಕಾಣದಿದ್ದರೆ ಸರಿಯಾಗಿ ಮಾಡುತ್ತಿಲ್ಲವೆಂದೇ ಅರ್ಥವಂತೆ.

ಸೊಂಟವೂ ನೋಯುತ್ತದೆ ಎಂದು ಹೇಳಿದೆ. ಎಬ್ಬಿಸಿ ನಿಲ್ಲಿಸಿ, ಕೈ ಸೊಂಟದ ಮೇಲಿಡಿಸಿ, ಹಿಂದಕ್ಕೆ ಬಾಗಿಸಿದಳು. ಹಿತವಾಯಿತು. ಇದರ ಹಿಂದಿನ ಕತೆಯನ್ನೂ ಹೇಳಿದಳು. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋ, ಕಾಲಿಗಿಳಿಯುವ ನೋವಿದ್ದ ರೋಗಿಗೆ ಬೋರಲು ಮಲಗಿರಿ ಎಂದು ಹೇಳಿ ಹೊರಗೆ ಹೋದರಂತೆ. ಹಿಂದಿನ ರೋಗಿಗೆಂದು ಏರಿಸಿದ್ದ ಮೇಜಿನ ತಲೆಭಾಗವನ್ನು ಯಾರೂ ಇಳಿಸಿರಲಿಲ್ಲ. ಬಂದು ನೋಡಿದರೆ ಬೆನ್ನು ಹಿಂದಕ್ಕೆ ಬಿಲ್ಲಾಗಿದೆ, ಅದು ಅಪಾಯ ಎಂದು ನಂಬಿದ್ದ ಕಾಲ, ಆದರೆ ರೋಗಿಯ ಕಾಲುನೋವು ಹೋಗಿದೆ! ಎಲ್ಲರಿಗೂ ಇದು ಒಗ್ಗುವುದಿಲ್ಲ, ವಯಸ್ಸಾಗಿ ನರದ ಹಾದಿ ಕಿರಿದಾದವರಿಗೆ ಹಿಂದೆ ಬಾಗಿದರೆ ನೋವು ಹೆಚ್ಚುತ್ತದೆ ಎಂದೂ ಎಚ್ಚರಿಸಿದಳು.

ಅಕ್ಟೋಬರ್ 5, ಶನಿವಾರ

ಅತ್ತೆಯ ವ್ಯಾಸಪೀಠವನ್ನು ಪ್ರೆಸ್ಸಿಗೆ ತಂದೆ. ಭಾಗವತ ಓದಲು ಇಟ್ಟುಕೊಂಡದ್ದು, ಈಗ ಕನ್ನಡಕ ಹಾಕಿದರೂ ಅಕ್ಷರ ಕಾಣುವುದಿಲ್ಲವೆಂದು ಮೂಲೆ ಸೇರಿತ್ತು. ಕೀಬೋರ್ಡಿಗೂ ಪರದೆಗೂ ನಡುವೆ ಇಟ್ಟು, ಡಾಕ್ಟರರ ಹಾಳೆಗಳನ್ನು ಅದಕ್ಕೆ ಒರಗಿಸಿದೆ. ಕತ್ತು ಎಡಕ್ಕೆ ತಿರುಗುವ ಪ್ರಮೇಯವೇ ತಪ್ಪಿತು. ಮಾನಿಟರ್ ಎತ್ತರಿಸಲು ಪರಿಷತ್ತಿನ ಕನ್ನಡ ನಿಘಂಟಿನ ಎರಡು ಸಂಪುಟ ಸರಿಯಾಗಿ ಹೊಂದಿದವು. ಪರದೆಯ ಮೇಲಂಚು ಈಗ ಕಣ್ಣಿನ ಮಟ್ಟಕ್ಕಿದೆ. ಕರಡು ತಿದ್ದುವವರು ಒಂದು ಪದ ನೋಡಬೇಕೆಂದು ಬಂದು, ನಿಘಂಟಿನ ಸ್ಥಿತಿ ನೋಡಿ, ಮಾತಾಡದೆ ಹೋದರು.

ಅಕ್ಟೋಬರ್ 7, ಸೋಮವಾರ

ಡಾಕ್ಟರರ ಪುಸ್ತಕದಲ್ಲಿ ಇವತ್ತು ಕಂಪೋಸ್ ಮಾಡಿದ ಅಧ್ಯಾಯ ಬೆನ್ನಿನದೇ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಸುಮಾರು ಮುನ್ನೂರು ವರ್ಷದ ಹಿಂದೆ ಕಸುಬುಗಳ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಗುಮಾಸ್ತರನ್ನೂ ಬಿಟ್ಟಿಲ್ಲ. ಅವರ ನೋವಿಗೆ ಮೂರು ಕಾರಣ ಕೊಟ್ಟಿದ್ದಾನೆ: ಸದಾ ಕೂತಿರುವುದು, ಕೈಯ ಒಂದೇ ಚಲನೆ, ತಪ್ಪಾದೀತೆಂಬ ಮನಸ್ಸಿನ ಬಿಗಿ. ಮೊದಲೆರಡನ್ನು ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು ಗುಮಾಸ್ತರ ಪಕ್ಕ ಕೂತು ನೋಡಿದವನೇ ಬರೆಯಬಲ್ಲ. ಬಿಡುಗಡೆಯ ದಿನ ಹತ್ತಿರವಾದಂತೆ ನನ್ನ ಭುಜಗಳು ಕಿವಿಯ ಕಡೆಗೆ ಏರುವುದನ್ನು ಯಾವ ಕುರ್ಚಿ ತಡೆದೀತು?

ಇನ್ನೊಂದು ಸಂಗತಿ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನ್ಯಾಕೆಮ್ಸನ್ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದು, ನಿಂತದ್ದಕ್ಕಿಂತ ಕೂತಾಗಲೇ ಹೆಚ್ಚು ಎಂದರು. ನೆಟ್ಟಗೆ ಕೂತ್ಕೊಳ್ಳಿ ಎಂಬ ಉಪದೇಶಕ್ಕೆ ಅದು ಬಹಳ ಕಾಲ ಆಧಾರವಾಯಿತು. 1999ರಲ್ಲಿ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕರ ಬೆನ್ನಲ್ಲಿ ಮತ್ತೆ ಅಳೆದಾಗ, ಸಡಿಲವಾಗಿ ಒರಗಿ ಕೂತರೆ ನಿಂತಷ್ಟು ಒತ್ತಡವೂ ಇರಲಿಲ್ಲ, ಮುಂದಕ್ಕೆ ಬಾಗಿ ಕೂತಾಗ ಏರಿತು. ಅಂದರೆ ಸ್ಕೂಲಿನ ಮೇಷ್ಟ್ರು ಬೈಯುತ್ತಿದ್ದ ‘ಒರಗುವ’ ಭಂಗಿಯೇ ಬೆನ್ನಿಗೆ ಹಗುರ. ಇದನ್ನು ಟೈಪ್ ಮಾಡುವಾಗ ಕುರ್ಚಿಗೆ ಪೂರ್ತಿ ಒರಗಿಕೊಂಡೇ ಮಾಡಿದೆ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ನಿಘಂಟಿನ ಸಂಪುಟಗಳು ನಿನ್ನೆಯೇ ಸರಸ್ವತಿಯ ಮುಂದೆ ಹೋಗಿ ಕೂತಿದ್ದವು. ಮಾನಿಟರಿಗೆ ಅರಿಶಿನ ಕುಂಕುಮ, ಯುಪಿಎಸ್ ಮೇಲೆ ಚೆಂಡುಹೂವು. ಕಡಲೆಪುರಿ ತಿನ್ನಲು ಹಳೆಯ ಕಂಪೋಸಿಟರ್ ಮೇಷ್ಟ್ರೂ ಬಂದಿದ್ದರು. ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಕೇಸಿನ ಮುಂದೆ ದಿನವಿಡೀ ನಿಂತೇ ಕೆಲಸ. “ನಿಮಗೆ ಕೂತು ನೋವು, ನಮಗೆ ನಿಂತು ನೋವು ಕಣಮ್ಮಾ” ಎಂದು ಪಂಚೆ ಮೇಲೆತ್ತಿ ಕಾಲಿನ ಗಂಟುಗಟ್ಟಿದ ನೀಲಿ ನರ ತೋರಿಸಿದರು. ನಿಂತು ಕೆಲಸ ಮಾಡುವ ಮೇಜು ತರಿಸೋಣ ಎನ್ನುತ್ತಿದ್ದ ಡಿಸೈನರ್ ಹುಡುಗ ಅದನ್ನು ನೋಡಿ ಸುಮ್ಮನಾದ.

ಮೈದುನ ಸೊಂಟಕ್ಕೆ ಬೆಲ್ಟ್ ತಂದುಕೊಟ್ಟಿದ್ದಾನೆ. ಪ್ರೀತಿಯಿಂದ ತಂದದ್ದು, ಬೇಡವೆನ್ನಲಾಗಲಿಲ್ಲ. ಆದರೆ ಡಾಕ್ಟರರ ಪುಸ್ತಕದ ಪ್ರಕಾರ ದೀರ್ಘಕಾಲದ ಸೊಂಟನೋವಿಗೆ ಬೆಲ್ಟನ್ನೂ ಎಳೆತದ ಚಿಕಿತ್ಸೆಯನ್ನೂ ವಾಡಿಕೆಯಾಗಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲೇ ಹೇಳಿದೆ. ವ್ಯಾಯಾಮಕ್ಕೆ ಒಪ್ಪಿಗೆ ಇದೆ. ಬೆಲ್ಟ್ ಬೀರುವಿಗೆ.

ಅಕ್ಟೋಬರ್ 18, ಶುಕ್ರವಾರ

ಕತ್ತು ಮುಕ್ಕಾಲು ತಿರುಗುತ್ತಿದೆ. ಸಂಜೆಯ ಹೊತ್ತಿಗೆ ಮಾತ್ರ ಬಿಗಿ.

ಡಾಕ್ಟರು ಪ್ರೂಫ್ ಒಯ್ಯಲು ಬಂದಿದ್ದರು. ವ್ಯಾಸಪೀಠದ ಮೇಲೆ ತಮ್ಮ ಹಸ್ತಪ್ರತಿ ನೋಡಿ ಹಿಗ್ಗಿದರು. ನಮ್ಮ ಬೈಂಡರ್‌ಗೆ ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಎಂದು ಬಂದಿದೆ, ಪಾಪ, ಅಂದಿನಿಂದ ಬಗ್ಗಲೂ ಹೆದರುತ್ತಾನೆ ಎಂದೆ. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ಲೆಕ್ಕ ಹಾಕಿದ್ದಾರಂತೆ: ಉಬ್ಬಿದ ಡಿಸ್ಕು ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30, ಎಂಬತ್ತರಲ್ಲಿ ಶೇ. 84. “ಅದು ತಲೆಕೂದಲು ನೆರೆತದ್ದಕ್ಕೆ ರಿಪೋರ್ಟ್ ಕೊಟ್ಟಂಗೆ. ಅವನಿಗೆ ನಡೆಯೋಕೆ ಹೇಳಿ” ಅಂದರು. ಬೈಂಡರ್‌ಗೆ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ, ಅಷ್ಟು ದುಡ್ಡು ಕೊಟ್ಟು ತೆಗೆಸಿದ ರಿಪೋರ್ಟು.

ಅಕ್ಟೋಬರ್ 26, ಶನಿವಾರ

ಅರ್ಧ ಗಂಟೆಗೊಮ್ಮೆ ಏಳುತ್ತೇನೆ. ನೀರಿನ ಬಾಟಲಿ ಪಕ್ಕದಲ್ಲಿ ಇಟ್ಟುಕೊಳ್ಳುವುದನ್ನು ಬಿಟ್ಟೆ, ಲೋಟ ತುಂಬಿಸಲು ಹಜಾರದ ಕೊನೆಗೆ ಹೋಗಲೇಬೇಕು. ಪ್ರಿಂಟ್ ತೆಗೆದ ಹಾಳೆ ತರಲು ಹುಡುಗನನ್ನು ಕಳಿಸದೆ ನಾನೇ ಹೋಗುತ್ತೇನೆ. ವ್ಯಾಯಾಮಕ್ಕಿಂತ ಇದೇ ಹೆಚ್ಚು ಕೆಲಸ ಮಾಡಿದೆ ಅನಿಸುತ್ತದೆ. ಕಷ್ಟವಿರುವುದು ಏಳುವುದರಲ್ಲಲ್ಲ, ಎದ್ದದ್ದನ್ನು ಪ್ರೆಸ್ಸಿನ ಯಜಮಾನರು ನೋಡುವುದರಲ್ಲಿ. ಎದ್ದವರು ಕೆಲಸ ಬಿಟ್ಟವರು ಎಂಬ ಲೆಕ್ಕ ಎಲ್ಲ ಆಫೀಸಿನಲ್ಲೂ ಇದೆ.

ಅದನ್ನೇ ಇವತ್ತು ಅವರ ಕೋಣೆಗೆ ಹೋಗಿ ಹೇಳಿದೆ. ಅವರು ಒಳ್ಳೆಯವರೇ. “ಹದಿನೆಂಟು ಸಾವಿರದ್ದು ಒಂದು ಕುರ್ಚಿ ನೋಡಿದೀನಮ್ಮ, ದೀಪಾವಳಿಗೆ ತರಿಸ್ತೀನಿ” ಅಂದರು. ಕುರ್ಚಿ ಬೇಡ ಸಾರ್ ಎಂದೆ. ಪ್ರತಿವರ್ಷ ಅಕ್ಟೋಬರಿನಲ್ಲಿ ಇಬ್ಬರ ಕೆಲಸ ಒಬ್ಬಳ ಮೇಲೆ ಬೀಳುತ್ತದೆ. ಆ ಹಣಕ್ಕೆ ಒಂದು ತಿಂಗಳ ಮಟ್ಟಿಗಾದರೂ ಇನ್ನೊಬ್ಬ ಆಪರೇಟರ್ ಸಿಗುತ್ತಾರೆ. ಲೇಖಕರಿಗೆ ಹಸ್ತಪ್ರತಿ ಆಗಸ್ಟಿನಲ್ಲೇ ಕೊಡಲು ಹೇಳಿದರೆ ಅದೂ ಬೇಕಾಗದು. ಯೋಚನೆ ಮಾಡುತ್ತೇನೆ ಎಂದಿದ್ದಾರೆ. ಸೋಮವಾರ ಮತ್ತೆ ಕೇಳಬೇಕು.